ಆರ್‌ಎ, ಥೈರಾಯ್ಡ್ ಎರಡೂ ಇದೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 184. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯಾ?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 46 ವರ್ಷ. ಹಶಿಮೊಟೊ ಥೈರಾಯ್ಡ್ ಅಂತ ಗೊತ್ತಾಗಿ 11 ವರ್ಷ ಆಯಿತು, ದಿನಾ ಬೆಳಿಗ್ಗೆ 75 ಮೈಕ್ರೋಗ್ರಾಂ ಥೈರಾಕ್ಸಿನ್. ನಾಲ್ಕು ವರ್ಷದ ಹಿಂದೆ ಅದಕ್ಕೆ ಜೊತೆಯಾಗಿ ಆರ್‌ಎ, ಅಂದರೆ ರುಮಟಾಯ್ಡ್ ಸಂಧಿವಾತ ಬಂತು. ಅದಕ್ಕೆ ಭಾನುವಾರ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ, ಸೋಮವಾರ ಫೋಲಿಕ್ ಆಸಿಡ್, ದಿನಾ ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೋಕ್ವಿನ್). ಒಂದು ವರ್ಷದಿಂದ ಕೀಲುಗಳು ಹೇಳಿದ ಮಾತು ಕೇಳುತ್ತಿವೆ, ಚಪಾತಿ ಹಿಟ್ಟು ನಾನೇ ನಾದುತ್ತೇನೆ.

ಎರಡು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 268, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 190, ಎಲ್‌ಡಿಎಲ್ 184. ಡಾಕ್ಟರ್ ರಿಪೋರ್ಟ್ ಮೇಲೆ ಕಣ್ಣಾಡಿಸಿ ರೋಸುವಾಸ್ಟ್ಯಾಟಿನ್ 10 ಅನ್ನೋ ಸ್ಟ್ಯಾಟಿನ್ ಮಾತ್ರೆ ಬರೆದರು. ಎಷ್ಟು ದಿನ ಅಂತ ಕೇಳಿದ್ದಕ್ಕೆ "ಜೀವನಪೂರ್ತಿ" ಅಂದರು, ಅಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ತೆಗೆದುಕೊಂಡೆ. ಮೂರನೇ ವಾರ ಒಂದು ದಿನ ಈಳಿಗೆ ಮಣೆ ಮೇಲೆ ಕೂತು ಕಾಯಿ ತುರಿದು ಏಳೋಕೆ ಹೋದರೆ ಎರಡೂ ತೊಡೆ ಸೀಸ ಕಟ್ಟಿದ ಹಾಗೆ. ಗೋಡೆ ಹಿಡಿದು ಎದ್ದೆ. ಇದು ಆರ್‌ಎ ನೋವಲ್ಲ, ಅದು ನನಗೆ ನಾಲ್ಕು ವರ್ಷದ ಪರಿಚಯ, ಅದು ಬೆರಳಲ್ಲಿ ಶುರುವಾಗುತ್ತದೆ, ಬೆಳಿಗ್ಗೆ ಜಾಸ್ತಿ ಇದ್ದು ಹತ್ತು ಗಂಟೆಗೆ ಸಡಿಲ ಆಗುತ್ತದೆ. ಇದು ಮಾಂಸದೊಳಗಿನ ನೋವು. ನಾನೇ ಮಾತ್ರೆ ನಿಲ್ಲಿಸಿದೆ, ಹತ್ತು ದಿನಕ್ಕೆ ಕಡಿಮೆ ಆಯಿತು. ಡಾಕ್ಟರಿಗೆ ಇನ್ನೂ ಹೇಳಿಲ್ಲ.

ಅಪ್ಪನಿಗೆ 58ಕ್ಕೆ ಹಾರ್ಟ್ ಅಟ್ಯಾಕ್ ಆಗಿತ್ತು, ಹಾಗಾಗಿ ಸುಮ್ನೆ ಕೂರೋಕೂ ಭಯ. ನಮ್ಮಂಥವರಿಗೆ ಸ್ಟ್ಯಾಟಿನ್ ಇಲ್ಲದೆ ಇಳಿಸೋ ದಾರಿ ಇದೆಯಾ? ಇಳಿಸಿದವರು ಯಾರಾದರೂ ಇದ್ದೀರಾ?

ಮದ್ದೂರು_ವಡೆ:

ಅಕ್ಕಾ, ನನಗೂ ಆರ್‌ಎ, ಒಂಬತ್ತು ವರ್ಷ. ಇಷ್ಟೆಲ್ಲಾ ನಂಬರ್ ಬರೆದಿದ್ದೀರಿ, ಟಿಎಸ್‌ಎಚ್ ಎಷ್ಟು ಅಂತ ಮಾತ್ರ ಬರೆದಿಲ್ಲ (ಥೈರಾಯ್ಡ್‌ನ ರಕ್ತ ಪರೀಕ್ಷೆ, ಹಾರ್ಮೋನ್ ಕಮ್ಮಿಯಾದರೆ ಈ ಅಂಕಿ ಏರುತ್ತದೆ). ಕೊನೆಗೆ ಯಾವಾಗ ನೋಡಿಸಿದ್ದು?

ಯಾಕೆ ಕೇಳುತ್ತಿದ್ದೇನೆ ಅಂದರೆ, ರಕ್ತದಲ್ಲಿರೋ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳೋ ಕೆಲಸ ಲಿವರ್‌ನದು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಆ ಹಿಡಿಯೋ ಕೈಗಳೇ ಕಮ್ಮಿ ಆಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಇರುತ್ತದೆ. ನಮ್ಮ ಮನೆಯವಳದು ಇದೇ ಕತೆ. ಟಿಎಸ್‌ಎಚ್ 14 ಇದ್ದಾಗ ಎಲ್‌ಡಿಎಲ್ 171, ಥೈರಾಕ್ಸಿನ್ ಡೋಸ್ ಸರಿಮಾಡಿ ಟಿಎಸ್‌ಎಚ್ 3ಕ್ಕೆ ಬಂದ ಮೇಲೆ 128. ಮಧ್ಯದಲ್ಲಿ ಬೇರೇನೂ ಮಾಡಿಲ್ಲ, ಊಟ ಕೂಡ ಅದೇ ಊಟ.

ಇನ್ನೊಂದು ವಿಷಯ. ಥೈರಾಯ್ಡ್ ಹತೋಟಿಯಲ್ಲಿ ಇಲ್ಲದಾಗ ಸ್ಟ್ಯಾಟಿನ್ ತಗೊಂಡರೆ ಮಾಂಸಖಂಡ ನೋಯೋ ಸಾಧ್ಯತೆ ಜಾಸ್ತಿ. ಹಾಗಾಗಿ ನಿಮ್ಮ ತೊಡೆನೋವಿಗೂ ಅದೇ ಕಾರಣ ಇರಬಹುದು. ಮಾತ್ರೆಯನ್ನು ಬೈಯೋ ಮೊದಲು ಅದನ್ನು ನೋಡಿಸಿ.

ಬೆಳಿಗ್ಗೆ ಥೈರಾಕ್ಸಿನ್ ತಗೊಂಡು ಎಷ್ಟು ಹೊತ್ತಿಗೆ ಕಾಫಿ ಕುಡೀತೀರಿ? ನಿಜ ಹೇಳಿ.

ಪ್ರಕೃತಿಯೇ_ವೈದ್ಯ:

ಸ್ಟ್ಯಾಟಿನ್ ಎಲ್ಲಾ ಕಂಪನಿಯವರ ದಂಧೆ. ಅಮೃತಬಳ್ಳಿ ಕಷಾಯ ಖಾಲಿ ಹೊಟ್ಟೆಗೆ 48 ದಿನ ಕುಡಿಯಿರಿ, ಜೊತೆಗೆ ಅಶ್ವಗಂಧ. ರೋಗನಿರೋಧಕ ಶಕ್ತಿ ಹೆಚ್ಚಿ ಆರ್‌ಎ ಕೂಡ ಬುಡಸಮೇತ ಹೋಗುತ್ತದೆ. ರೆಡ್ ಯೀಸ್ಟ್ ರೈಸ್ ಅಂತಲೂ ಬರುತ್ತದೆ, ನೂರಕ್ಕೆ ನೂರು ನೈಸರ್ಗಿಕ.

ಗುಳಿಗಿ_ಅಂಗಡಿ, ಹುಬ್ಬಳ್ಳಿ:

22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೂ ಮೇಲಿನ ಸಲಹೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ ನೋಡ್ರಿ.

ಮೊದಲು ರೆಡ್ ಯೀಸ್ಟ್ ರೈಸ್. ಅದು ಅಕ್ಕಿಯ ಮೇಲೆ ಬೆಳೆಸಿದ ಒಂದು ಬೂಷ್ಟು. ಅದರಲ್ಲಿ ಕೊಲೆಸ್ಟ್ರಾಲ್ ಇಳಿಸೋ ವಸ್ತುವಿನ ಹೆಸರು ಮೊನಾಕೊಲಿನ್ ಕೆ. ಅದಕ್ಕೇ ಇನ್ನೊಂದು ಹೆಸರು ಲೋವಾಸ್ಟ್ಯಾಟಿನ್, 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಸ್ಟ್ಯಾಟಿನ್ ಮಾತ್ರೆ ಅದೇ. ಅಂದರೆ ಸ್ಟ್ಯಾಟಿನ್ ಬೇಡ ಅಂತ ಓಡಿಹೋಗಿ ಸ್ಟ್ಯಾಟಿನ್ ಮನೆಯಲ್ಲೇ ಬಾಡಿಗೆಗೆ ಇದ್ದ ಹಾಗೆ. ಡಬ್ಬಿಯಿಂದ ಡಬ್ಬಿಗೆ ಅದರ ಪ್ರಮಾಣ ಬೇರೆ, ಅದೊಂದು ಹೆಚ್ಚಿನ ತಲೆನೋವು. ಸ್ಟ್ಯಾಟಿನ್‌ಗೆ ಮಾಂಸ ನೋವಾದವರಿಗೆ ಇದರಿಂದಲೂ ಆಗಬಹುದು.

ಅಮೃತಬಳ್ಳಿ ವಿಷಯ. ಕೊರೊನಾ ಕಾಲದಲ್ಲಿ ನಾನೂ ಚೆನ್ನಾಗೇ ಮಾರಿದ್ದೇನೆ, ಸುಳ್ಳು ಹೇಳೋದಿಲ್ಲ. ಆಮೇಲೆ 2021ರಲ್ಲಿ ಮುಂಬೈನ ಲಿವರ್ ಡಾಕ್ಟರುಗಳು ಅದನ್ನು ಕುಡಿದ ಆರು ಜನರಿಗೆ ಕಾಮಾಲೆ, ಲಿವರ್ ಉರಿಯೂತ ಬಂದದ್ದನ್ನು ಬರೆದರು. ಮುಂದೆ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ 43 ಜನರ ವಿವರ ಬಂತು. ಮೊದಲೇ ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ತನ್ನ ದೇಹವನ್ನೇ ಹೊಡೆಯೋದು, ನಿಮ್ಮ ಆರ್‌ಎ, ಹಶಿಮೊಟೊ ಎರಡೂ ಅದೇ) ಇದ್ದವರೂ ಅದರಲ್ಲಿ ಇದ್ದರು, ಅದರಲ್ಲೂ ಥೈರಾಯ್ಡ್‌ನವರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಆ ವಾದ ಇನ್ನೂ ಇದೆ. ಆದರೆ ಮೇಡಂ, ನೀವು ಮೆಥೋಟ್ರೆಕ್ಸೇಟ್ ನುಂಗುವವರು, ಲಿವರ್ ಪರೀಕ್ಷೆ ಮಾಡಿಸುತ್ತಾ ಬದುಕುವವರು. ನಿಮ್ಮ ಲಿವರ್ ಮೇಲೆ ಆ ವಾದದ ತೀರ್ಪು ಆಗೋದು ಬೇಡ. "ಶಕ್ತಿ ಹೆಚ್ಚಿಸೋದು" ಅಂತಾರಲ್ಲ, ನಿಮ್ಮ ತೊಂದರೆಯೇ ಆ ಶಕ್ತಿ ದಾರಿ ತಪ್ಪಿ ನಿಮ್ಮನ್ನೇ ಹೊಡೀತಿರೋದು. ಅದಕ್ಕೆ ಇನ್ನೂ ಟಾನಿಕ್ ಕೊಡೋದಾ?

ಈಗ ನಿಮ್ಮ ಪ್ರಶ್ನೆ. ಸ್ಟ್ಯಾಟಿನ್ ಅಲ್ಲದ ಗುಳಿಗೆಗಳು ಇವೆ. ಎಜೆಟಿಮಿಬ್ 10 ಮಿ.ಗ್ರಾಂ ಹಳೇದು, ಕರುಳಿನಿಂದ ಕೊಲೆಸ್ಟ್ರಾಲ್ ಹೀರೋದನ್ನು ತಡೆಯುತ್ತದೆ. ಒಂದನ್ನೇ ತಗೊಂಡರೆ ಎಲ್‌ಡಿಎಲ್ ಶೇ. 15ರಿಂದ 20 ಇಳಿಯುತ್ತದೆ. ಬೆಂಪಿಡೋಯಿಕ್ ಆಸಿಡ್ 180 ಮಿ.ಗ್ರಾಂ ಹೊಸದು. ಇದು ಸ್ಟ್ಯಾಟಿನ್ ಕೆಲಸ ಮಾಡೋ ಸಾಲಿನಲ್ಲೇ ಒಂದು ಹೆಜ್ಜೆ ಮೇಲೆ ಕೆಲಸ ಮಾಡುತ್ತದೆ. ಆದರೆ ಇದನ್ನು ಚಾಲೂ ಮಾಡೋ ಕಿಣ್ವ ಲಿವರ್‌ನಲ್ಲಿದೆ, ಮಾಂಸಖಂಡದಲ್ಲಿ ಇಲ್ಲ. ಅದಕ್ಕೇ ಸ್ಟ್ಯಾಟಿನ್ ಒಗ್ಗದವರಿಗೆ ಕೊಡುತ್ತಾರೆ. 2023ರಲ್ಲಿ ಅಂಥವರೇ ಸುಮಾರು 14 ಸಾವಿರ ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇತ್ಯಾದಿ ಎಲ್ಲಾ ಸೇರಿಸಿ ಶೇ. 13 ಕಡಿಮೆ. ಯೂರಿಕ್ ಆಸಿಡ್ ಏರುತ್ತದೆ, ಗೌಟ್ (ಯೂರಿಕ್ ಆಸಿಡ್‌ನಿಂದ ಬರೋ ಕೀಲುನೋವು) ಇದ್ದವರು ಹುಷಾರು. ಪಿತ್ತಕೋಶದ ಕಲ್ಲು ಕೂಡ ಸ್ವಲ್ಪ ಜಾಸ್ತಿ ಕಂಡಿತ್ತು.

ಹಾಗಂತ ನನ್ನ ಹತ್ತಿರ ಬಂದು ಚೀಟಿ ಇಲ್ಲದೆ ಕೇಳಬೇಡಿ, ಕೊಡೋದಿಲ್ಲ. ಮಾತ್ರೆ ನಿಲ್ಲಿಸಿದ್ದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಅವರು ನೀವು ನುಂಗುತ್ತಿದ್ದೀರಿ ಅಂದುಕೊಂಡೇ ಮುಂದಿನ ರಿಪೋರ್ಟ್ ಓದುತ್ತಾರೆ, ಎಲ್‌ಡಿಎಲ್ ಇಳಿದಿಲ್ಲ ಅಂತ 10 ಇದ್ದದ್ದನ್ನು 20 ಮಾಡುತ್ತಾರೆ.

ತುಂಗಾತೀರ:

ಮದ್ದೂರು ವಡೆ ಅವರೇ, ಸಿಕ್ಕಿಬಿದ್ದೆ. ಮಾತ್ರೆ ಬಾಯಿಗೆ ಹಾಕಿಕೊಂಡು ಅದೇ ಕೈಯಲ್ಲಿ ಕಾಫಿ ಲೋಟ. ಹನ್ನೊಂದು ವರ್ಷದಿಂದ ಹಾಗೇ. ಜೊತೆಗೆ ತಿಂಡಿ ಆದ ಮೇಲೆ ನುಂಗಬೇಕಾದ ಕ್ಯಾಲ್ಸಿಯಂ ಮಾತ್ರೆಯನ್ನೂ ಮರೆತುಹೋಗುತ್ತದೆ ಅಂತ ಆಗಲೇ ನುಂಗಿಬಿಡುತ್ತಿದ್ದೆ.

ನಿನ್ನೆ ಟಿಎಸ್‌ಎಚ್ ಮಾಡಿಸಿದೆ. 9.8. ಮಾಂಸಖಂಡಕ್ಕೆ ಪೆಟ್ಟಾಗಿದೆಯಾ ಅಂತ ನೋಡೋ ಸಿಪಿಕೆ ಅನ್ನೋ ರಕ್ತ ಪರೀಕ್ಷೆಯನ್ನೂ ಬರೆಸಿಕೊಂಡೆ, ಅದು 118, ನಾರ್ಮಲ್ ಅಂದರು. ಮಾತ್ರೆ ನಿಲ್ಲಿಸಿ ತಿಂಗಳ ಮೇಲಾಗಿರೋದರಿಂದ ಅದರಿಂದ ಏನು ಗೊತ್ತಾಗುತ್ತದೋ ನನಗೆ ಅರ್ಥ ಆಗಲಿಲ್ಲ.

ಅಮೃತಬಳ್ಳಿ ನಮ್ಮ ಹಿತ್ತಲಲ್ಲೇ ಇದೆ, ನಾಳೆಯಿಂದ ಶುರು ಮಾಡೋಣ ಅಂತ ಇದ್ದೆ.

ಚಿಟ್ಟೆ_ಮಚ್ಚೆ, ಬೆಂಗಳೂರು:

ಅಕ್ಕಾ, ನನಗೆ ಲೂಪಸ್ (ಇದೂ ಆಟೋಇಮ್ಯೂನ್ ಕಾಯಿಲೆಯೇ), 34 ವರ್ಷ. ನನ್ನ ಕತೆ ಹೇಳುತ್ತೇನೆ, ಯಾಕಂದರೆ ಇಲ್ಲಿ ಇನ್ನೂ ಯಾರೂ ಇದನ್ನು ಹೇಳಿಲ್ಲ.

ಮೂರು ವರ್ಷದ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಒಟ್ಟು ಕೊಲೆಸ್ಟ್ರಾಲ್ 312 ಬಂತು. ನಾನು ದಪ್ಪ ಇಲ್ಲ, ಬೆಣ್ಣೆ ತುಪ್ಪ ಮುಟ್ಟೋದಿಲ್ಲ. ಅಲ್ಲಿದ್ದ ಡಾಕ್ಟರ್ ವಾಕಿಂಗ್ ಮಾಡಿ, ಕರಿದದ್ದು ಬಿಡಿ ಅಂದರು. ಎರಡು ತಿಂಗಳು ಎಣ್ಣೆ ಇಲ್ಲದ ಪಲ್ಯ ತಿಂದೆ. ಸಂಜೆ ಹೊತ್ತಿಗೆ ಸಾಕ್ಸ್ ಬಿಚ್ಚಿದರೆ ಕಾಲಲ್ಲಿ ಗೆರೆ ಬೀಳುತ್ತಿತ್ತು, ಅದನ್ನು ಸುಮ್ನೆ ಬಿಟ್ಟೆ. ಕೊನೆಗೆ ನನ್ನ ರುಮಟಾಲಜಿಸ್ಟ್ ಆ 312 ನೋಡಿದ ತಕ್ಷಣ ಮೂತ್ರ ಪರೀಕ್ಷೆ ಬರೆದರು. ಪ್ರೋಟೀನ್ ಸೋರುತ್ತಿತ್ತು. ಲೂಪಸ್ ಕಿಡ್ನಿಗೆ ಹೋಗಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಾ ಇದ್ದರೆ ಲಿವರ್ ಅದನ್ನು ತುಂಬಿಸೋಕೆ ಒದ್ದಾಡಿ ಕೊಲೆಸ್ಟ್ರಾಲನ್ನೂ ಜಾಸ್ತಿ ತಯಾರಿಸುತ್ತದೆ. ನನ್ನ ಕೊಲೆಸ್ಟ್ರಾಲ್‌ಗೆ ಔಷಧಿ ಕಿಡ್ನಿ ಚಿಕಿತ್ಸೆ ಆಗಿತ್ತು, ಎಣ್ಣೆ ಇಲ್ಲದ ಪಲ್ಯ ಅಲ್ಲ.

ಅದಕ್ಕೇ ನಮ್ಮಂಥವರು ಹೇಗೆ ಇಳಿಸೋದು ಅಂತ ಕೇಳೋ ಮೊದಲು ಯಾಕೆ ಏರಿದೆ ಅಂತ ಕೇಳಬೇಕು. ಥೈರಾಯ್ಡ್ ಒಂದು ಕಾರಣ, ನಿಮ್ಮದು ಸಿಕ್ಕಿದೆ. ಮೂತ್ರದ ಪ್ರೋಟೀನ್ ಇನ್ನೊಂದು. ಪಿಬಿಸಿ ಅಂತ ಲಿವರ್‌ನ ಪಿತ್ತನಾಳಗಳ ಆಟೋಇಮ್ಯೂನ್ ಕಾಯಿಲೆ ಇದೆ, ಹೆಂಗಸರಲ್ಲೇ ಜಾಸ್ತಿ, ಅದರಲ್ಲೂ ಕೊಲೆಸ್ಟ್ರಾಲ್ ಏರುತ್ತದೆ, ಲಿವರ್ ಪರೀಕ್ಷೆಯಲ್ಲಿ ಎಎಲ್‌ಪಿ ಜಾಸ್ತಿ ಬಂದರೆ ಅನುಮಾನ ಪಡುತ್ತಾರೆ. ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಕೂಡ ಏರಿಸುತ್ತದೆ. ಆರ್‌ಎಗೆ ಕೊಡೋ ಟೋಫಾಸಿಟಿನಿಬ್, ಟೋಸಿಲಿಜುಮ್ಯಾಬ್ ಶುರು ಮಾಡಿದವರಿಗೂ ಏರುತ್ತದೆ.

ಆರ್‌ಎಯಲ್ಲಿ ಇನ್ನೊಂದು ತಮಾಷೆ ಇದೆ. ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಕಮ್ಮಿ ಕಾಣುತ್ತದೆ, ಆದರೆ ಹೃದಯಕ್ಕೆ ಅಪಾಯ ಆಗಲೇ ಜಾಸ್ತಿ. ಚಿಕಿತ್ಸೆ ಹಿಡಿದು ಕೀಲು ತಣ್ಣಗಾದ ಮೇಲೆ ನಂಬರ್ ಏರುತ್ತದೆ. ನಿಮ್ಮದು ಒಂದು ವರ್ಷದಿಂದ ತಣ್ಣಗಿದೆ ಅಂದಿರಲ್ಲ, 184ರಲ್ಲಿ ಸ್ವಲ್ಪ ಪಾಲು ಅದರದ್ದೂ ಇರಬಹುದು. ಆ ಭಯಕ್ಕೆ ಮೆಥೋಟ್ರೆಕ್ಸೇಟ್ ಮಾತ್ರ ಬಿಡಬೇಡಿ. ರೋಗ ಹತೋಟಿಯಲ್ಲಿರೋದೇ ಹೃದಯಕ್ಕೆ ದೊಡ್ಡ ಉಪಕಾರ.

ಸ್ಟ್ಯಾಟಿನ್ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದೇ ಇರಬಹುದು. ನಾನು ಈಗ ಅಟೋರ್ವಾಸ್ಟ್ಯಾಟಿನ್ 10 ತಗೊಳ್ಳುತ್ತೇನೆ, ಏನೂ ಆಗಿಲ್ಲ. ಆಟೋಇಮ್ಯೂನ್ ಇದ್ದವರು ಸ್ಟ್ಯಾಟಿನ್ ಮುಟ್ಟಲೇಬಾರದು ಅಂತ ಗುಂಪುಗಳಲ್ಲಿ ಬರೆಯುತ್ತಾರೆ, ಅದು ತಪ್ಪು. ಬ್ರಿಟನ್‌ನಲ್ಲಿ ಆರ್‌ಎ ಇರೋ 3,000 ಜನರಿಗೆ ಅರ್ಧ ಮಂದಿಗೆ ಅಟೋರ್ವಾಸ್ಟ್ಯಾಟಿನ್ 40, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಅಡ್ಡ ಪರಿಣಾಮ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಪ್ರಯೋಗ 2020ರದು, ಸ್ಟ್ಯಾಟಿನ್ ಆಗೋದೇ ಇಲ್ಲ ಅಂತ ಬಿಟ್ಟವರು 60 ಜನ. ಒಂದು ತಿಂಗಳು ಸ್ಟ್ಯಾಟಿನ್, ಒಂದು ತಿಂಗಳು ಹುಸಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ವರ್ಷ ಪೂರ್ತಿ. ಯಾವುದು ಸ್ಟ್ಯಾಟಿನ್, ಯಾವುದು ಹುಸಿ ಅಂತ ಅವರಿಗೆ ಗೊತ್ತಿಲ್ಲ. ಸ್ಟ್ಯಾಟಿನ್ ತಿಂಗಳಲ್ಲಿ ಆದ ತೊಂದರೆಯಲ್ಲಿ ಶೇ. 90 ಹುಸಿ ಮಾತ್ರೆ ತಿಂಗಳಲ್ಲೂ ಆಗಿತ್ತು! ನೋವು ಸುಳ್ಳು ಅಂತಲ್ಲ, ನೋವು ನಿಜ, ಕಾರಣ ಬೇರೆ.

ತುಂಗಾತೀರ:

ಚಿಟ್ಟೆ, ಬೇಜಾರಿಲ್ಲ ತಂಗಿ. ಆದರೆ ನನಗೆ ಈಳಿಗೆ ಮಣೆಯಿಂದ ಏಳೋಕೆ ಆಗದೇ ಇದ್ದದ್ದು ಮನಸ್ಸಿನ ಆಟ ಅಂತ ಒಪ್ಪೋಕೆ ಕಷ್ಟ. ಆ ದಿನ ನಾನು ಮಾತ್ರೆಯ ವಿಷಯ ಯೋಚನೆಯೇ ಮಾಡಿರಲಿಲ್ಲ, ಎರಡು ದಿನ ಆದ ಮೇಲೆ ಹೊಳೆದದ್ದು.

ಕಡಲತಡಿ, ಮಂಗಳೂರು:

ನಾನು ಈ ಚರ್ಚೆಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಯಾಕೆಂದರೆ ನನ್ನದು ಅಪರೂಪದ ಪ್ರಕರಣ, ಓದಿದವರು ಹೆದರಿ ಮಾತ್ರೆ ಬಿಟ್ಟರೆ ಕಷ್ಟ. ಲಕ್ಷಕ್ಕೆ ಎರಡು ಮೂರು ಜನರಿಗೆ ಬರುವಂಥದ್ದು ಎಂದು ನನ್ನ ನ್ಯೂರಾಲಜಿಸ್ಟ್ ಹೇಳಿದ್ದು.

ನನಗೆ 61. ಅಟೋರ್ವಾಸ್ಟ್ಯಾಟಿನ್ ಮೂರು ವರ್ಷ ಏನೂ ತೊಂದರೆ ಇಲ್ಲದೆ ತೆಗೆದುಕೊಂಡಿದ್ದೆ. ನಂತರ ಒಂದು ಮಳೆಗಾಲದಲ್ಲಿ ಬಟ್ಟೆ ಹಗ್ಗಕ್ಕೆ ಲುಂಗಿ ಹಾಕಲು ಕೈ ಎತ್ತಿದರೆ ಕೈ ಮೇಲೆ ನಿಲ್ಲುತ್ತಿರಲಿಲ್ಲ, ಇಳಿದು ಬರುತ್ತಿತ್ತು. ನೋವು ಅಷ್ಟಿಲ್ಲ, ಬಲವೇ ಇಲ್ಲ. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಕೊಡಬೇಕಾಯಿತು. ಸಿಪಿಕೆ 8,400. ಮಾತ್ರೆ ನಿಲ್ಲಿಸಿದ ಮೇಲೂ ಇಳಿಯಲಿಲ್ಲ, ಬಲಹೀನತೆ ಹೆಚ್ಚುತ್ತಲೇ ಹೋಯಿತು. ಸ್ಟ್ಯಾಟಿನ್ ತಡೆಯುವ ಕಿಣ್ವವಿದೆಯಲ್ಲ, ಎಚ್‌ಎಂಜಿ ಕೋಎ ರಿಡಕ್ಟೇಸ್, ಅದರ ವಿರುದ್ಧವೇ ನನ್ನ ದೇಹ ಪ್ರತಿಕಾಯ ತಯಾರಿಸಿತ್ತು. ಸ್ಟ್ಯಾಟಿನ್‌ನಿಂದಲೇ ಶುರುವಾದ ಆಟೋಇಮ್ಯೂನ್ ಕಾಯಿಲೆ. ಸ್ಟಿರಾಯ್ಡ್, ಐವಿಐಜಿ (ರಕ್ತನಾಳಕ್ಕೆ ಹಾಕುವ ಪ್ರತಿಕಾಯದ ಔಷಧಿ) ಎಲ್ಲ ಆಗಿ ಮತ್ತೆ ಲುಂಗಿ ಒಣಗಿಸುವಂತಾಗಲು ಒಂದೂವರೆ ವರ್ಷ ಹಿಡಿಯಿತು.

ತುಂಗಾತೀರ ಮೇಡಂ, ನಿಮ್ಮದು ಹಾಗಲ್ಲ ಎಂದು ನನಗೆ ಅನಿಸುತ್ತದೆ. ನಿಲ್ಲಿಸಿದ ಹತ್ತು ದಿನಕ್ಕೆ ಕಡಿಮೆಯಾಗಿದೆ, ಈಗ ಸಿಪಿಕೆ 118. ಆ 118ರ ಅರ್ಥ ಅದೇ, ಮಾತ್ರೆ ಹೋದ ಮೇಲೂ ಒಳಗೆ ಏನೂ ಉರಿಯುತ್ತಿಲ್ಲ. ಮುಂದೆ ಎಂದಾದರೂ ಮತ್ತೆ ತೆಗೆದುಕೊಂಡರೆ ನೋವಿಗಿಂತ ಬಲ ಹೋಗುವುದನ್ನು ಗಮನಿಸಿ, ಮತ್ತು ತೊಂದರೆ ಇರುವಾಗಲೇ ಸಿಪಿಕೆ ಮಾಡಿಸಿ, ತಿಂಗಳು ಬಿಟ್ಟಲ್ಲ.

ನನಗಂತೂ ಇನ್ನು ಜನ್ಮದಲ್ಲಿ ಸ್ಟ್ಯಾಟಿನ್ ಇಲ್ಲ. ಎಜೆಟಿಮಿಬ್ ಇದೆ, ಮತ್ತು ಎರಡು ವಾರಕ್ಕೊಮ್ಮೆ ಇವೊಲೊಕುಮ್ಯಾಬ್ ಚುಚ್ಚುಮದ್ದು, ಹೊಟ್ಟೆಗೆ ನಾನೇ ಹಾಕಿಕೊಳ್ಳುತ್ತೇನೆ. ಎಲ್‌ಡಿಎಲ್ ಈಗ 58. ಸ್ಟ್ಯಾಟಿನ್ ಇಲ್ಲದೆಯೂ ಆಗುತ್ತದೆ, ಆದರೆ ಪರ್ಸಿಗೆ ಭಾರ. ಆರು ತಿಂಗಳಿಗೊಮ್ಮೆ ಹಾಕುವ ಇನ್‌ಕ್ಲಿಸಿರಾನ್ ಎಂಬುದೂ ಬಂದಿದೆ, ಅದೂ ಭಾರವೇ.

ಮತ್ತೆ ನಮ್ಮ ಕರಾವಳಿಯ ತೆಂಗಿನೆಣ್ಣೆ. ಹೇಳಲು ನನಗೇ ಬೇಸರ, ನಮ್ಮದೇ ತೋಟದ ಎಣ್ಣೆ. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು, ತುಪ್ಪಕ್ಕಿಂತ ಜಾಸ್ತಿ. ಒಗ್ಗರಣೆಗೆ ಒಂದು ಚಮಚ ಇಟ್ಟುಕೊಂಡು ಉಳಿದದ್ದು ತಲೆಗೆ ಹಚ್ಚುತ್ತಿದ್ದೇನೆ.

ಲೆಸ್ಟರ್_ಕನ್ನಡಿಗ:

ಚಿಕ್ಕ ಮಾತು. ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಮೊದಲು ನೋಡೋ ಸಾಮಾನ್ಯ ಡಾಕ್ಟರ್, ಸ್ಟ್ಯಾಟಿನ್ ಬರೆಯೋ ಮೊದಲು ಕ್ಯೂರಿಸ್ಕ್3 ಅಂತ ಒಂದು ಲೆಕ್ಕ ಹಾಕುತ್ತಾರೆ, ಹತ್ತು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗೋ ಸಾಧ್ಯತೆ ನೂರಕ್ಕೆ ಎಷ್ಟು ಅಂತ. ಅದರಲ್ಲಿ ಆರ್‌ಎ ಇದೆಯಾ, ಲೂಪಸ್ ಇದೆಯಾ, ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತೀರಾ, ಅಪ್ಪ ಅಮ್ಮ ಅಣ್ಣತಮ್ಮಂದಿರಿಗೆ 60ರ ಒಳಗೆ ಹೃದಯದ ಕಾಯಿಲೆ ಬಂದಿತ್ತಾ ಅಂತ ಬೇರೆ ಬೇರೆ ಪ್ರಶ್ನೆ ಇವೆ. ನಿಮಗೆ ಎರಡಕ್ಕೆ ಹೌದು. ಯುರೋಪಿನ ರುಮಟಾಲಜಿಯವರು ಸಾದಾ ಲೆಕ್ಕದಲ್ಲಿ ಆರ್‌ಎ ಪ್ರಶ್ನೆ ಇಲ್ಲದಿದ್ದರೆ ಬಂದ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ ಅನ್ನುತ್ತಾರೆ. ಹಾಗಾಗಿ "ಬರೀ ಎಲ್‌ಡಿಎಲ್ ತಾನೇ" ಅಂತ ಬಿಡಬೇಡಿ. ಅಪ್ಪನ ವಿಷಯ ಇರೋದರಿಂದ ಲೈಪೋಪ್ರೋಟೀನ್ ಎ ಅನ್ನೋ ರಕ್ತ ಪರೀಕ್ಷೆ ಒಂದು ಸಲ ಮಾಡಿಸಿ, ಅದು ಎಲ್‌ಡಿಎಲ್ ಥರದ್ದೇ ಇನ್ನೊಂದು ಕೊಬ್ಬಿನ ಕಣ, ವಂಶದಿಂದ ಬರೋದು, ಜೀವನದಲ್ಲಿ ಒಮ್ಮೆ ಸಾಕು. ಭಾರತದ ಹೃದ್ರೋಗ ತಜ್ಞರ ಸಂಘದವರು 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಎಲ್ಲರೂ ಒಮ್ಮೆ ಮಾಡಿಸಿ ಅಂದಿದ್ದಾರೆ.

ಮದ್ದೂರು_ವಡೆ:

ಎಲ್ಲರೂ ಮಾತ್ರೆ ಬಗ್ಗೆ ಬರೆದಾಯಿತು, ಊಟದ ಬಗ್ಗೆ ನಾನೇ ಬರೆಯಬೇಕು. ಹೆಸರು ನೋಡಿ ನಗಬೇಡಿ, ವಡೆ ಬಿಟ್ಟು ಐದು ವರ್ಷ ಆಯಿತು.

2003ರಲ್ಲಿ ಕೆನಡಾದ ಟೊರೊಂಟೊದಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಲೋವಾಸ್ಟ್ಯಾಟಿನ್. ಇನ್ನೊಂದು ಗುಂಪಿಗೆ ಇಸಬ್ಗೋಲ್, ಓಟ್ಸ್, ಬಾರ್ಲಿ, ಬೆಂಡೆಕಾಯಿ, ಬದನೆಕಾಯಿ, ಬಾದಾಮಿ, ಸೋಯಾ, ಜೊತೆಗೆ ಗಿಡದ ಸ್ಟೆರಾಲ್ ಬೆರೆಸಿದ ಮಾರ್ಗರಿನ್. ತಿಂಗಳಿಗೆ ಸ್ಟ್ಯಾಟಿನ್‌ನವರಿಗೆ ಶೇ. 31 ಇಳಿಯಿತು, ಊಟದವರಿಗೆ ಶೇ. 29. ನೋಡಿ, ನಮ್ಮ ಬೆಂಡೆಕಾಯಿ! ಆದರೆ ಪೂರ್ತಿ ಹೇಳುತ್ತೇನೆ. ಅದು ಊಟವನ್ನೆಲ್ಲಾ ಅವರೇ ಅಳೆದು ಕೊಟ್ಟದ್ದು. ಆಮೇಲೆ ಅದೇ ತಂಡ ಜನರಿಗೆ ಬರೀ ಸಲಹೆ ಕೊಟ್ಟು ಮನೆಯಲ್ಲಿ ಮಾಡಿಕೊಳ್ಳಿ ಅಂದಾಗ ಆರು ತಿಂಗಳಿಗೆ ಇಳಿದದ್ದು ಶೇ. 13 ಆಸುಪಾಸು. ಮನೆ ಅಂದಮೇಲೆ ಹಬ್ಬ ಇರುತ್ತದೆ, ನೆಂಟರು ಬರುತ್ತಾರೆ.

ನಾನು ಮಾಡೋದು ಇಷ್ಟು. ಬೆಳಿಗ್ಗೆ ಬಾರ್ಲಿ ಗಂಜಿ ಅಥವಾ ಓಟ್ಸ್ ಹಾಕಿದ ಉಪ್ಪಿಟ್ಟು. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಬಸ್ಸಾರು. ರಾತ್ರಿ ಎರಡು ದೊಡ್ಡ ಚಮಚ ಇಸಬ್ಗೋಲ್ ಒಂದು ದೊಡ್ಡ ಲೋಟ ನೀರಿಗೆ, ಗಟ್ಟಿಯಾಗೋ ಮೊದಲು ಕುಡಿದುಬಿಡಬೇಕು, ಇಲ್ಲದಿದ್ದರೆ ಅಂಟು ನುಂಗಿದ ಹಾಗೆ. ಬರೀ ಇಸಬ್ಗೋಲ್‌ನಿಂದ ಶೇ. 7ರಷ್ಟು ಇಳಿಯುತ್ತದೆ. ಅಕ್ಕಾ, ನೀವು ಇದನ್ನು ಬೆಳಿಗ್ಗೆ ತಗೊಳ್ಳಬೇಡಿ! ಇಸಬ್ಗೋಲ್, ಕ್ಯಾಲ್ಸಿಯಂ, ಐರನ್, ಸೋಯಾ ಎಲ್ಲಾ ಥೈರಾಕ್ಸಿನ್ ಒಳಗೆ ಹೋಗೋದನ್ನು ತಡೆಯುತ್ತವೆ. ನಾಲ್ಕು ಗಂಟೆ ಅಂತರ ಇರಲಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ.

ಎಣ್ಣೆ ಲೆಕ್ಕ ಒಂದು ಸಲ ಹಾಕಿ ನೋಡಿ. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿ ಆಗುತ್ತಿತ್ತು. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 40 ಮಿ.ಲೀ. ಮೇಲೆ. ಅರ್ಧಕ್ಕೆ ಇಳಿಸಿದೆವು. ಆದರೆ ಎಲ್‌ಡಿಎಲ್ ಏರಿಸೋದು ಸೂರ್ಯಕಾಂತಿ ಎಣ್ಣೆಗಿಂತ ತುಪ್ಪ, ತೆಂಗಿನೆಣ್ಣೆ, ಪಾಮ್ ಎಣ್ಣೆ, ಬೇಕರಿಯ ಪಫ್, ಖಾರಾ ಬಿಸ್ಕತ್ತು, ದಿಲ್‌ಪಸಂದ್. ನಿಮ್ಮ ಊರಲ್ಲಿ ಬೇಕರಿಗೇನು ಕಮ್ಮಿ.

ಲೂಪಸ್‌ನವರಿಗೆ ಒಂದು ಮಾತು. ಕೊಲೆಸ್ಟ್ರಾಲ್‌ಗೆ ಒಳ್ಳೇದು ಅಂತ ಆಲ್ಫಾಲ್ಫಾ ಪುಡಿ, ಮೊಳಕೆ ಮಾರುತ್ತಾರೆ, ನಮ್ಮ ಕುದುರೆಮಸಾಲೆ ಸೊಪ್ಪೇ ಅದು. ಅದು ಲೂಪಸ್ ಕೆದಕುತ್ತದೆ. ಚಿಟ್ಟೆ ತಂಗಿ ಗಮನಿಸಿ.

ಚಿಟ್ಟೆ_ಮಚ್ಚೆ:

ಗೊತ್ತು ಅಣ್ಣ, ಒಂದು ಡಬ್ಬಿ ದುಡ್ಡು ಕೊಟ್ಟು ತಂದು ಕಸಕ್ಕೆ ಹಾಕಿದ್ದೇನೆ.

ತುಂಗಾತೀರ:

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮಗಳ ಪಿಯುಸಿ ಪರೀಕ್ಷೆ ಇತ್ತು.

ಡಾಕ್ಟರಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. ಟಿಎಸ್‌ಎಚ್ 9.8 ಅಂತ ನೋಡಿ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು, ಮೊದಲೇ ಕೇಳಬೇಕಿತ್ತು ಅಂದರು. ಡೋಸ್ 88ಕ್ಕೆ ಏರಿಸಿದರು. ಮಾತ್ರೆ ಈಗ ಐದೂವರೆಗೆ, ಕಾಫಿ ಆರೂವರೆಗೆ, ಆ ಒಂದು ಗಂಟೆ ಎಷ್ಟು ಉದ್ದ ಅಂತ ಕುಡಿಯೋರಿಗೇ ಗೊತ್ತು. ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ, ಇಸಬ್ಗೋಲ್ ರಾತ್ರಿ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಎಎಲ್‌ಪಿ ಸರಿಯಾಗಿದೆ.

ಹತ್ತು ವಾರಕ್ಕೆ ಟಿಎಸ್‌ಎಚ್ 2.6, ಎಲ್‌ಡಿಎಲ್ 149. ಆಮೇಲೆ ಎಜೆಟಿಮಿಬ್ ಸೇರಿಸಿದರು. ಹೋದ ವಾರ 121. ಸ್ಟ್ಯಾಟಿನ್ ಒಂದು ಚೂರೂ ಇಲ್ಲದೆ 184ರಿಂದ 121, ನನಗೆ ಖುಷಿಯಾಗಿ ರಿಪೋರ್ಟ್ ಫೋಟೋ ತಂಗಿಗೆ ಕಳಿಸಿದೆ.

ಆದರೆ ಲೆಸ್ಟರ್ ಅವರು ಹೇಳಿದ ಲೈಪೋಪ್ರೋಟೀನ್ ಎ ಮಾಡಿಸಿದೆ, 71 ಬಂತು. 50ರ ಮೇಲೆ ಇದ್ದರೆ ಜಾಸ್ತಿ ಅಂತೆ. ಅಪ್ಪನಿಂದ ಬಂದಿರಬೇಕು. ಅದನ್ನು ಇಳಿಸೋಕೆ ಊಟದಿಂದ ಆಗೋದಿಲ್ಲ, ಹಾಗಾಗಿ ಎಲ್‌ಡಿಎಲ್ ಅನ್ನೇ ಇನ್ನೂ ಕೆಳಗೆ, 70ರ ಹತ್ತಿರ ಇಡೋಣ ಅಂದರು. ಎರಡು ದಾರಿ ಕೊಟ್ಟಿದ್ದಾರೆ. ಬೆಂಪಿಡೋಯಿಕ್ ಆಸಿಡ್ ಸೇರಿಸೋದು, ಇಲ್ಲಾ ಥೈರಾಯ್ಡ್ ಸರಿಹೋಗಿರೋದರಿಂದ ರೋಸುವಾಸ್ಟ್ಯಾಟಿನ್ 5 ವಾರಕ್ಕೆ ಎರಡೇ ದಿನ ಮತ್ತೆ ಪ್ರಯತ್ನ ಮಾಡೋದು. ನೋವು ಬಂದರೆ ಅದೇ ದಿನ ಸಿಪಿಕೆ, ಚೀಟಿ ಮೊದಲೇ ಬರೆದುಕೊಟ್ಟಿದ್ದಾರೆ.

ಎರಡನೇದನ್ನು ನೋಡೋಣ ಅಂತ ಇದ್ದೇನೆ. ಚಿಟ್ಟೆ, ಗೆದ್ದೆ ಅಂತ ನಗಬೇಡ. ಬುಧವಾರ, ಶುಕ್ರವಾರ ಅಂತ ಇಟ್ಟುಕೊಂಡಿದ್ದೇನೆ. ಭಾನುವಾರ ಮೆಥೋಟ್ರೆಕ್ಸೇಟ್‌ದು, ಸೋಮವಾರ ಅದರ ಸುಸ್ತು. ಮಧ್ಯದಲ್ಲಿ ಏನಾದರೂ ಆದರೆ ಯಾರ ಮೇಲೆ ದೂರು ಹಾಕಬೇಕು ಅಂತಾದರೂ ಗೊತ್ತಾಗಲಿ.

ಗುಳಿಗಿ_ಅಂಗಡಿ:

ಭಾರೀ ಛಲೋ ಆತು ಮೇಡಂ. ಒಂದು ಕೆಲಸ ಮಾಡಿ, ಎರಡೂ ಡಬ್ಬಿ ಮೇಲೆ ವಾರದ ಹೆಸರು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿಡಿ. ಮೆಥೋಟ್ರೆಕ್ಸೇಟನ್ನು ಮರೆತು ದಿನಾ ನುಂಗಿ ಆಸ್ಪತ್ರೆ ಸೇರಿದವರನ್ನು ಕಂಡಿದ್ದೇನೆ. ವಾರಕ್ಕೊಮ್ಮೆಯ ಮಾತ್ರೆ, ವಾರಕ್ಕೆರಡು ದಿನದ ಮಾತ್ರೆ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಮದ್ದೂರು_ವಡೆ:

ಎಣ್ಣೆ ಎಷ್ಟಕ್ಕೆ ಬಂತು ಅಕ್ಕಾ?

ತುಂಗಾತೀರ:

ತಿಂಗಳಿಗೆ ಎರಡೂವರೆ ಲೀಟರ್. ತೆಂಗಿನೆಣ್ಣೆ ಡಬ್ಬಿಗೆ ಕಡಲೆಕಾಯಿ ಎಣ್ಣೆ ತುಂಬಿಟ್ಟಿದ್ದೇನೆ. ನಮ್ಮ ಯಜಮಾನರು ಮೊನ್ನೆ ನೀರುದೋಸೆ ತಿನ್ನುತ್ತಾ ಈ ಸಲ ತೆಂಗಿನೆಣ್ಣೆ ಘಮ ಕಮ್ಮಿ, ಗಾಣದವನು ಮೋಸ ಮಾಡಿದ್ದಾನೆ ಅಂದರು. ಇರಬಹುದು ಅಂದೆ.